ಮನೆಗೆ ಒಪ್ಪಿಗೆ ಕೊಡುವಾಗ ಕಸಕ್ಕೂ ಒಂದು ಜಾಗ ಕೇಳಿ

ಚಿತ್ರದುರ್ಗ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಜಿಲ್ಲೆಯ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ಚಿತ್ರದುರ್ಗದಲ್ಲಿ ಮನೆ ಪ್ಲ್ಯಾನ್ ಬರೆದುಕೊಡುವುದು ನನ್ನ ಕೆಲಸ. ದೊಡ್ಡ ಬಂಗಲೆಗಳಲ್ಲ. 30×40ರ ಸೈಟು, 20×30ರ ಸೈಟು, ಹಳ್ಳಿ ಕಡೆ ಸರ್ಕಾರದ ವಸತಿ ಯೋಜನೆಯ ಮನೆಗಳು. ಈ ಪತ್ರದಲ್ಲಿ ನಿಮ್ಮನ್ನು ಎರಡು ವಿಷಯ ಕೇಳುತ್ತಿದ್ದೇನೆ. ಎರಡಕ್ಕೂ ಬೇರು ಒಂದೇ.

ಒಂದು ಮನೆಗೆ, ಒಂದು ಲೇಔಟಿಗೆ ಒಪ್ಪಿಗೆ ಕೊಡುವಾಗ ಅಲ್ಲಿಂದ ಹೊರಬೀಳುವ ಕಸ, ಬಚ್ಚಲು ನೀರು, ಮಲ ಎಲ್ಲಿಗೆ ಹೋಗುತ್ತವೆ ಅಂತ ಅದೇ ನಕ್ಷೆಯಲ್ಲಿ ಕೇಳಿ. ಉತ್ತರ ಇಲ್ಲದಿದ್ದರೆ ನಕ್ಷೆ ವಾಪಸ್ ಕಳಿಸಿ. ಇನ್ನೊಂದು, ಸರಿಯಾಗಿ ಕಟ್ಟಿದ ಮಣ್ಣಿನ ಗೋಡೆಯನ್ನು ಪಕ್ಕಾ ಗೋಡೆ ಅಂತ ಒಪ್ಪಿಕೊಳ್ಳಿ.

ಈಗ ನಾನು ಬರೆಯುವ ಪ್ಲ್ಯಾನ್ ಹೇಗಿರುತ್ತೆ ಹೇಳುತ್ತೇನೆ. ಹಾಲ್, ಅಡುಗೆಮನೆ, ಎರಡು ರೂಮು, ದೇವರ ಮನೆ, ಬಾತ್‌ರೂಮು, ಮುಂದೆ ಬೈಕ್ ನಿಲ್ಲಿಸೋಕೆ ಜಾಗ, ಮೇಲೆ ನೀರಿನ ಟ್ಯಾಂಕು. ಚಪ್ಪಲಿ ಬಿಡೋಕೂ ಒಂದು ಮೂಲೆ ಇರುತ್ತದೆ. ಕಸಕ್ಕೆ ಮಾತ್ರ ಒಂದು ಚದರ ಅಡಿ ಇಲ್ಲ. ಕಟ್ಟಿಸುವವರು ಕೇಳುವುದಿಲ್ಲ. ನಾನಾಗಿ ಹಿಂದುಗಡೆ ಒಂದು ಗುಂಡಿ ತೋರಿಸಿದರೆ, 'ಅದ್ಯಾಕೆ, ಅಲ್ಲಿ ವಾಷಿಂಗ್ ಮೆಷಿನ್ ಇಡೋಣ' ಅನ್ನುತ್ತಾರೆ. ಒಪ್ಪಿಗೆ ಕೊಡುವ ಕಚೇರಿಯಲ್ಲೂ ಅದನ್ನು ಯಾರೂ ನೋಡುವುದಿಲ್ಲ. ಸುತ್ತ ಬಿಟ್ಟ ಮೂರಡಿ ಜಾಗಕ್ಕೂ ಸಿಮೆಂಟು, ಇಲ್ಲವೇ ಟೈಲ್ಸು. ಒಂದು ಕರಿಬೇವಿನ ಗಿಡ ನೆಡೋಕೂ ಮಣ್ಣು ಕಾಣುವುದಿಲ್ಲ. ಗೃಹಪ್ರವೇಶದ ದಿನವೇ ಆ ಮನೆಯ ಊಟದ ಎಲೆ, ಪ್ಲಾಸ್ಟಿಕ್ ಲೋಟ ಎದುರಿನ ಖಾಲಿ ಸೈಟಿಗೆ ಬೀಳುತ್ತವೆ. ಆ ಖಾಲಿ ಸೈಟಿನಲ್ಲೂ ಮನೆ ಎದ್ದ ಮೇಲೆ ಕಸ ರಸ್ತೆ ತಿರುವಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತದೆ.

ಜನರಿಗೆ ಬುದ್ಧಿ ಇಲ್ಲ ಅಂತ ಬೈಯುವುದು ಸುಲಭ. ಆದರೆ ನಾವು ಕಟ್ಟಿಕೊಟ್ಟ ಮನೆಯಲ್ಲೇ ಕಸಕ್ಕೆ ಜಾಗ ಇಲ್ಲದಿದ್ದರೆ ಅವರು ಏನು ಮಾಡಬೇಕು?

ನಮ್ಮ ಜಿಲ್ಲೆಯ ಹಳೇ ಮನೆಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಮಣ್ಣಿನ ಚಪ್ಪಟೆ ಸೂರಿನ ಮಾಳಿಗೆ ಮನೆ ಒಳಗೆ ಹೊಕ್ಕವರಿಗೆ ಮೊದಲು ಗೊತ್ತಾಗುವುದು ತಂಪು. ಗೋಡೆ ಒಂದೂವರೆ ಅಡಿಯಿಂದ ಎರಡು ಅಡಿ ದಪ್ಪ, ಕಲ್ಲು ಮಣ್ಣು ಸೇರಿಸಿ ಕಟ್ಟಿದ್ದು. ಗೋಡೆ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಜಂತೆ ಮೇಲೆ ಒತ್ತೊತ್ತಾಗಿ ಜೋಡಿಸಿದ ಕಟ್ಟಿಗೆ ಚಕ್ಕೆ. ಅದರ ಮೇಲೆ ಲಕ್ಕಿ ಸೊಪ್ಪೋ ತಂಗಡಿ ಸೊಪ್ಪೋ ದಪ್ಪಗೆ ಹಾಸಿರುತ್ತಾರೆ. ಆಮೇಲೆ ಕಲಸಿದ ಮಣ್ಣು, ತುಳಿದು ಬಡಿದು ಕೂರಿಸಿದ್ದು. ಎಲ್ಲಕ್ಕಿಂತ ಮೇಲೆ ಕರ್ಲು ಮಣ್ಣು. ನಡುವೆ ಒಂದು ಗವಾಕ್ಷಿ. ಹೊಗೆ ಹೋಗೋಕೂ ಅದೇ, ಬೆಳಕು ಬರೋಕೂ ಅದೇ.

ಈ ಕರ್ಲು ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದು ಬೆಳೆ ಬಾರದ ಚೌಳು ನೆಲದ ಮಣ್ಣು. ಇದರಲ್ಲಿ ಸೋಡಿಯಂ ಉಪ್ಪು ಜಾಸ್ತಿ. ನೀರು ತಾಕಿದ ಕೂಡಲೇ ಇದರ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರಿಗೆ ಕೆಳಗಿಳಿಯೋಕೆ ದಾರಿ ಸಿಗದೆ ಇಳಿಜಾರು ಹಿಡಿದು ಮಾಳಿಗೆ ಅಂಚಿನ ದೋಣಿಯಿಂದ ಹೊರಗೆ ಬೀಳುತ್ತದೆ. ಉಪ್ಪಿನ ಮಣ್ಣಾದ್ದರಿಂದ ಹುಲ್ಲು ಬೇರು ಬಿಡುವುದೂ ಕಡಿಮೆ. ಹೊಲಕ್ಕೆ ಕೆಲಸಕ್ಕೆ ಬಾರದ ಮಣ್ಣನ್ನು ತಲೆ ಮೇಲೆ ಹಾಕಿಕೊಂಡು ಮಳೆ ತಡೆದವರು ನಮ್ಮವರು. ಯಾವ ಕಾಲೇಜೂ ಹೇಳಿಕೊಡದ ಮಣ್ಣಿನ ವಿಜ್ಞಾನ ಅದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಪದರ ಹೊಸ ಕರ್ಲು ಹಾಕಿ ಬಡಿದರೆ ಮುಗಿಯಿತು.

ಮನೆ ಎಷ್ಟು ಜಾಣತನದ್ದೋ ಮನೆಯ ಕಸವೂ ಅಷ್ಟೇ ಜಾಣತನದಲ್ಲಿ ಕರಗುತ್ತಿತ್ತು. ಮುಸುರೆ ನೀರು, ಕಲಗಚ್ಚು ದನಕ್ಕೆ. ಒಲೆ ಬೂದಿ ಪಾತ್ರೆ ತೊಳೆಯೋಕೆ, ಉಳಿದದ್ದು ತಿಪ್ಪೆಗೆ. ಕೊಟ್ಟಿಗೆ ಕಸ, ಸಗಣಿ, ದನ ತಿಂದು ಬಿಟ್ಟ ಮೇವಿನ ದಂಟು ಎಲ್ಲ ತಿಪ್ಪೆಗೆ. ಬಚ್ಚಲು ನೀರು ಹಿತ್ತಲ ಬಾಳೆಗೆ, ಕೆಸುವಿಗೆ, ನುಗ್ಗೆಗೆ. ಹರಿದ ಸೀರೆ ಕೌದಿಗೆ. ಮದುವೆ ಊಟದ ಮುತ್ತುಗದ ಎಲೆಯನ್ನು ದನ ಮುಟ್ಟದಿದ್ದರೂ ಮಣ್ಣು ತಿನ್ನುತ್ತಿತ್ತು. ಯುಗಾದಿ ಕಳೆದ ಮೇಲೆ ಬಂಡಿ ಕಟ್ಟಿ ತಿಪ್ಪೆಗೊಬ್ಬರ ಹೊಲಕ್ಕೆ ಹೊಡೆಯುತ್ತಿದ್ದರು. ದೀಪಾವಳಿಗೆ ತಿಪ್ಪೆ ಮೇಲೂ ಒಂದು ದೀಪ ಇಡುತ್ತಿದ್ದರು, ಈಗಲೂ ಎಷ್ಟೋ ಹಳ್ಳಿಗಳಲ್ಲಿ ಇಡುತ್ತಾರೆ. ಮನೆಯೇ ಬಿದ್ದುಹೋದರೂ ಅದರ ಹಳೇ ಗೋಡೆ ಮಣ್ಣನ್ನು ರೈತರು ಕೇಳಿ ತಗೊಂಡು ಹೋಗಿ ಹೊಲಕ್ಕೆ ಹರಡುತ್ತಿದ್ದರು. ಕಲ್ಲು ಮತ್ತು ತೊಲೆ ಮುಂದಿನ ಮನೆಗೆ ಬರುತ್ತಿದ್ದವು. ಕೊನೆಗೆ ಎಸೆಯಬೇಕಾದ್ದು ಅಂತ ಏನೂ ಉಳಿಯುತ್ತಿರಲಿಲ್ಲ.

ಹಾಗಂತ ಎಲ್ಲರೂ ಮಾಳಿಗೆ ಮನೆಗೆ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ತೊಲೆ ಈಗ ಎಲ್ಲಿ ಸಿಗುತ್ತೆ? ಇರುವ ಮರ ಕಡಿಯಲೂಬಾರದು. ಜಡಿಮಳೆ ಹಿಡಿದರೆ ಮಾಳಿಗೆ ಸೋರುತ್ತದೆ. ಗೋಡೆ ಬುಡಕ್ಕೆ ನೀರು ನಿಂತರೆ ರಾತ್ರೋರಾತ್ರಿ ಕುಸಿಯುತ್ತದೆ. ಪ್ರತಿ ಮಳೆಗಾಲದಲ್ಲೂ ಗೋಡೆ ಬಿದ್ದು ಸತ್ತವರ ಸುದ್ದಿ ಓದುತ್ತೇವೆ. ಚೇಳು, ಇಲಿ, ಗೆದ್ದಲು ಇದ್ದೇ ಇವೆ. ವರ್ಷವರ್ಷ ಸಾರಿಸುವ, ಬಡಿಯುವ, ಹೊರುವ ಕೆಲಸ ಬಹುಪಾಲು ಹೆಂಗಸರ ಮೈಮೇಲೆ ಬೀಳುತ್ತಿತ್ತು. ಇನ್ನೂ ಒಂದು ಮಾತು ಮರೆಯಬಾರದು. ಊರಿನ ಹೊಲಸು ತೆಗೆಯುವ ಕೆಲಸವನ್ನು ಜಾತಿ ನೋಡಿ ಕೆಲವರ ತಲೆಗೆ ಕಟ್ಟಿದ್ದೂ ಅದೇ ಹಳೇ ಕಾಲ. ಆ ಭಾಗ ನಮಗೆ ಬೇಡವೇ ಬೇಡ. ಮಣ್ಣಿನ ತಿಳಿವಳಿಕೆ ಇಟ್ಟುಕೊಂಡು ಅನ್ಯಾಯ ಬಿಡಬೇಕು.

ಅದು ಆಗದ ಕೆಲಸವೇನಲ್ಲ, ನಮ್ಮ ರಾಜ್ಯದಲ್ಲೇ ಮಾಡಿ ತೋರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯಿತು. ಎ. ಕೆ. ಎನ್. ರೆಡ್ಡಿ ಅವರು ಅದರ ಹಿಂದಿನ ಶಕ್ತಿ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಒತ್ತಿದ ಮಣ್ಣಿನ ಇಟ್ಟಿಗೆಯ ಕೆಲಸವನ್ನು ಕೆ. ಎಸ್. ಜಗದೀಶ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಮಾಡಿದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಿಂದ ಎಳೆಯುವ ಪ್ರೆಸ್‌ನಲ್ಲಿ ಒತ್ತಿ, ಮೂರು ವಾರ ನೀರು ಹಾಕಿ ಕ್ಯೂರಿಂಗ್ ಮಾಡಿದರೆ ಇಟ್ಟಿಗೆ ಸಿದ್ಧ. ಸುಡಬೇಕಾಗಿಲ್ಲ. ಕಟ್ಟಿಗೆ ಬೇಡ, ಭಟ್ಟಿ ಹೊಗೆ ಇಲ್ಲ. ಒಂದು, ಎರಡು ಅಂತಸ್ತಿನ ಮನೆಗೆ ಅದರ ಬಲ ಧಾರಾಳ ಸಾಕು. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಇಂಧನದ ಅರ್ಧವೂ ಇದಕ್ಕೆ ಬೇಡ. ಭಾರತೀಯ ಮಾನಕವೂ ಇದಕ್ಕಿದೆ, ಐಎಸ್ 1725.

ಎಲ್ಲ ಮಣ್ಣೂ ಇದಕ್ಕೆ ಆಗುವುದಿಲ್ಲ. ಹಿರಿಯೂರು, ಚಳ್ಳಕೆರೆ ಕಡೆಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಅದನ್ನು ಹಾಗೇ ಒತ್ತಿದರೆ ಇಟ್ಟಿಗೆ ನಿಲ್ಲುವುದಿಲ್ಲ. ನಮ್ಮ ಕೆಂಪು ಮಣ್ಣು ಒಳ್ಳೆಯದು, ಜೇಡಿ ಜಾಸ್ತಿ ಇದ್ದರೆ ಕ್ವಾರಿ ಪುಡಿ ಸೇರಿಸಬೇಕು. ನಮ್ಮ ಜಿಲ್ಲೆಯಲ್ಲಿ ಕ್ವಾರಿ ಪುಡಿಗೇನೂ ಬರ ಇಲ್ಲ. ಮಣ್ಣು ಹೇಗಿದೆ ಅಂತ ತಿಳಿಯೋಕೆ ಲ್ಯಾಬೇ ಬೇಕಾಗಿಲ್ಲ. ಒಂದು ಗಾಜಿನ ಬಾಟಲಿಗೆ ಅರ್ಧ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಒಂದು ದಿನ ಇಡಿ. ಕೆಳಗೆ ಮರಳು ಕೂರುತ್ತದೆ, ಅದರ ಮೇಲೆ ನಯವಾದ ಗೋಡು, ಎಲ್ಲಕ್ಕಿಂತ ಮೇಲೆ ಜೇಡಿ. ಮರಳಿನ ಪದರ ಅರ್ಧಕ್ಕಿಂತ ಸಾಕಷ್ಟು ಜಾಸ್ತಿ ಇದ್ದು ಜೇಡಿ ತೆಳ್ಳಗಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಈ ಪರೀಕ್ಷೆ ಮಾಡಿ ತೋರಿಸಿದಾಗ ನಮ್ಮ ಮೇಸ್ತ್ರಿಗಳಿಗೆ ಕೂಡಲೇ ಅರ್ಥವಾಗುತ್ತದೆ. ಅವರ ಅಪ್ಪ, ತಾತ ಇದನ್ನೇ ಬೆರಳಲ್ಲಿ ಉಜ್ಜಿ ನೋಡಿ ಹೇಳುತ್ತಿದ್ದರು.

ಛಾವಣಿಗೂ ದಾರಿ ಇದೆ. ನಾವೀಗ ಹಾಕುವ ನಾಲ್ಕೈದು ಇಂಚಿನ ಮೋಲ್ಡು ಏಪ್ರಿಲ್ ಬಿಸಿಲಿಗೆ ಇಡೀ ದಿನ ಕಾದು, ಮನೆಯವರು ಮಲಗುವ ಹೊತ್ತಿಗೆ ಆ ಶಾಖವನ್ನೆಲ್ಲ ಒಳಗೆ ಬಿಡುತ್ತದೆ. ತಗಡಿನ ಮನೆಯಲ್ಲಂತೂ ಹಗಲು ಕೂರೋಕೇ ಆಗುವುದಿಲ್ಲ. ಕೇರಳದಲ್ಲಿ ಬಾಳಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ಬಡವರ ಮನೆಗಳಿಗೆಂದು ಬಳಸಿದ ಉಪಾಯ ಸರಳ. ಸ್ಲ್ಯಾಬಿನ ಕೆಳಭಾಗದಲ್ಲಿ ಭಾರ ಹೊರುವುದು ಕಬ್ಬಿಣ, ಅಲ್ಲಿ ಕಾಂಕ್ರೀಟಿಗೆ ಅಂಥ ಕೆಲಸ ಇಲ್ಲ. ಆದ್ದರಿಂದ ಸರಳುಗಳ ನಡುವೆ ಹಳೇ ಮಂಗಳೂರು ಹೆಂಚು ಜೋಡಿಸಿ ಮೇಲೆ ಕಾಂಕ್ರೀಟು ಸುರಿಯುವುದು. ಸಿಮೆಂಟು ಉಳಿಯುತ್ತೆ, ಹೆಂಚುಗಳ ನಡುವಿನ ಗಾಳಿ ಶಾಖ ತಡೆಯುತ್ತೆ. ಅದೂ ಆಗದಿದ್ದರೆ ಈಗಿರುವ ಮೋಲ್ಡಿಗೆ ಬೇಸಿಗೆಗೆ ಮುಂಚೆ ಎರಡು ಕೋಟು ಸುಣ್ಣ ಬಳಿಸಿ. ಅಷ್ಟಕ್ಕೇ ಕೆಳಗಿನ ರೂಮು ಎಷ್ಟೋ ಹಾಯೆನಿಸುತ್ತದೆ.

ಆದರೂ ಜನ ಯಾಕೆ ಮಾಡಿಸುತ್ತಿಲ್ಲ? ಹಿರಿಯೂರು ಕಡೆಯ ಒಂದು ಕುಟುಂಬ ವಸತಿ ಯೋಜನೆಯ ಮನೆಯನ್ನು ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಬೇಕು ಅಂತ ಇಷ್ಟಪಟ್ಟಿತು. ಹೊಲದ ಬದಿಯ ಕೆಂಪು ಮಣ್ಣು ಚೆನ್ನಾಗಿತ್ತು, ದುಡಿಯೋಕೆ ಮನೆಯಲ್ಲೇ ಜನ ಇದ್ದರು. ನಾನು ಪ್ಲ್ಯಾನ್ ಬರೆದೆ. ಕಚೇರಿಯೊಂದರಲ್ಲಿ ಅವರಿಗೆ ಸಿಕ್ಕ ಉತ್ತರ: 'ಮಣ್ಣಿನ ಗೋಡೆಗೆ ಬಿಲ್ ಆಗಲ್ಲಮ್ಮ. ಸುಮ್ನೆ ಬ್ಲಾಕ್ ಹಾಕಿಸಿ.' ಸಾಲ ಮಾಡಿ ಸಿಮೆಂಟ್ ಬ್ಲಾಕೇ ಹಾಕಿಸಿದರು. ಆ ತಾಯಿ ಆಮೇಲೆ ನನ್ನನ್ನು ಕೇಳಿದ್ದು ಇಷ್ಟೇ, 'ಮಣ್ಣಲ್ಲಿ ಕಟ್ಟಬಾರದು ಅಂತ ಕಾನೂನು ಐತಾ ಸರ್?'

ಇಲ್ಲ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದ ಮಾರ್ಗಸೂಚಿ ಪಕ್ಕಾ ಮನೆ ಅಂದರೆ ಸಾಧಾರಣ ದುರಸ್ತಿ ಮಾಡಿಕೊಂಡು ಕನಿಷ್ಠ 30 ವರ್ಷ ಗಾಳಿ ಮಳೆ ತಡೆದು ನಿಲ್ಲುವ ಮನೆ ಅನ್ನುತ್ತದೆ. ಸಿಮೆಂಟ್ ಬ್ಲಾಕೇ ಬೇಕು ಅನ್ನುವುದಿಲ್ಲ. ಊರಿನಲ್ಲೇ ಸಿಗುವ ಸಾಮಗ್ರಿ ಬಳಸಿ ಅಂತಲೇ ಹೇಳುತ್ತದೆ. ಕೆಳಗಿನ ಕಚೇರಿಗಳಿಗೆ ಈ ಮಾತು ಬರಹದಲ್ಲಿ ತಲುಪಬೇಕು. ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು. ಐಎಸ್ 1725ರ ಪ್ರಕಾರ ಒತ್ತಿದ ಮಣ್ಣಿನ ಇಟ್ಟಿಗೆ, ಕಲ್ಲಿನ ಪಾಯ, ಗೋಡೆ ಕಾಯುವಷ್ಟು ಮುಂಚಾಚಿದ ಸಜ್ಜಾ ಇದ್ದರೆ ಬಿಲ್ ತಡೆಯಬೇಡಿ ಅಂತ ಬರೆಯಿರಿ. ಮೇಸ್ತ್ರಿಗಳಿಗೆ ಕಲಿಸೋಕೆ ಬಹಳ ದೂರ ಹೋಗಬೇಕಿಲ್ಲ. ಆ ವಿದ್ಯೆ ಬೆಳೆಸಿದ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ. ಕಡಿಮೆ ಖರ್ಚಿನ ಕಟ್ಟಡಗಳಿಗೆಂದು ಸರ್ಕಾರ ಮಾಡಿದ ನಿರ್ಮಿತಿ ಕೇಂದ್ರ ಜಿಲ್ಲೆಯಲ್ಲೇ ಇದೆ. ಇಬ್ಬರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ನಿಮಗಿದೆ, ನನ್ನಂಥವನಿಗಿಲ್ಲ.

ಇನ್ನು ಕಸ.

ನಾಲ್ಕೈದು ಜನರ ಮನೆಯಲ್ಲಿ ದಿನಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ ಹಸಿ ಕಸ ಬರುತ್ತದೆ. ಬದನೆ ತೊಟ್ಟು, ಈರುಳ್ಳಿ ಸಿಪ್ಪೆ, ಉಳಿದ ಮುದ್ದೆ, ಟೀ ಸೊಪ್ಪು. ಅದು ಕೊಳಕಲ್ಲ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿದಾಗ ಕೊಳಕಾಗುತ್ತದೆ. ಎರಡು ದಿನ ಬಿಟ್ಟು ಆ ಗಂಟು ಬಿಚ್ಚಿದವರಿಗೆ ಗೊತ್ತು. ಕಪ್ಪು ನೀರು, ಹುಳ, ಮೂಗು ಮುಚ್ಚಿದರೂ ತಡೆಯದ ನಾತ. ಗಾಳಿ ಆಡದ ಕಡೆ ಕೊಳೆತರೆ ಹಾಗೇ ಆಗುವುದು. ಜೊತೆಗೆ ಮೀಥೇನ್ ಹುಟ್ಟುತ್ತದೆ. ದೊಡ್ಡ ರಾಶಿಯಾದರೆ ಅದೇ ಒಳಗೊಳಗೆ ಹೊತ್ತಿಕೊಂಡು ದಿನಗಟ್ಟಲೆ ಹೊಗೆ ಬಿಡುತ್ತದೆ. ಇಂಥ ಗಂಟುಗಳನ್ನು ಬೆಳಗಿನ ಜಾವ ಬರಿಗೈಯಲ್ಲಿ ಬಿಚ್ಚುವವರು ಯಾರು? ನಮ್ಮ ಪೌರಕಾರ್ಮಿಕ ಅಕ್ಕಂದಿರು, ಅಣ್ಣಂದಿರು. ನಾವು ಮನೆಯಲ್ಲಿ ಒಂದು ನಿಮಿಷದಲ್ಲಿ ಬೇರೆ ಮಾಡಬಹುದಾದ್ದನ್ನು ಅವರ ಕೈಯಿಂದ ಮಾಡಿಸುತ್ತಿದ್ದೇವೆ. ಹಳೇ ಕಾಲದ ಅನ್ಯಾಯ ಅಂತ ಮೇಲೆ ಹೇಳಿದೆನಲ್ಲ, ಅದು ಇವತ್ತಿಗೂ ನಮ್ಮ ಬಾಗಿಲಲ್ಲೇ ನಡೆಯುತ್ತಿದೆ.

ಊರ ಕಸದಿಂದ ಗೊಬ್ಬರ ಮಾಡುವ ಒಂದು ಪದ್ಧತಿಗೆ ನಮ್ಮ ರಾಜಧಾನಿಯ ಹೆಸರೇ ಇದೆ, 'ಬೆಂಗಳೂರು ವಿಧಾನ'. 1939ರಲ್ಲಿ ಸಿ. ಎನ್. ಆಚಾರ್ಯ ಅದನ್ನು ರೂಪಿಸಿದರು. ಉದ್ದನೆಯ ಕಂದಕ ತೋಡಿ, ಪದರ ಪದರವಾಗಿ ಕಸ ಹಾಕಿ, ಮೇಲೆ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಬಿಡುವುದು. ಅದಕ್ಕೂ ಮುಂಚೆ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಇಲ್ಲಿನ ರೈತರ ಪದ್ಧತಿಗಳನ್ನು ನೋಡಿ ಕಲಿತು, ರಾಶಿ ಮಗುಚಿ ಗಾಳಿಯಾಡಿಸುವ ವಿಧಾನವನ್ನು ಬರೆದಿಟ್ಟರು. ಮಹಾರಾಷ್ಟ್ರದ ನಾರಾಯಣ ದೇವರಾವ್ ಪಾಂಢರಿಪಾಂಡೆ ಅವರ ಹೆಸರಿನ ಮೊದಲಕ್ಷರಗಳಿಂದ ಕರೆಯುವ ನಾಡೆಪ್ ತೊಟ್ಟಿ ನಮ್ಮ ರೈತರಿಗೆ ಗೊತ್ತೇ ಇದೆ. ಗೋಡೆಯಲ್ಲಿ ಕಿಂಡಿ ಬಿಟ್ಟು ಕಟ್ಟಿದ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ಇಟ್ಟಿಗೆ ತೊಟ್ಟಿ. ಕಿಂಡಿಯಿಂದ ಗಾಳಿ ಆಡುತ್ತದೆ, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಕೈಗೆ ಬರುತ್ತದೆ.

ಇದನ್ನು ಒಂದು ಲೇಔಟಿಗೆ ಲೆಕ್ಕ ಹಾಕಿ ನೋಡಿದ್ದೇನೆ. ಮುನ್ನೂರು ಮನೆ ಅಂದುಕೊಳ್ಳಿ. ದಿನಕ್ಕೆ ಹೆಚ್ಚೂಕಡಿಮೆ ಇನ್ನೂರು ಕೆಜಿ ಹಸಿ ಕಸ. ಅದಕ್ಕೆ ಒಣ ತರಗು ಸೇರಿಸಿ ತುಂಬುತ್ತಾ ಹೋದರೆ ಒಂದು ತೊಟ್ಟಿ ಹತ್ತು ಹನ್ನೆರಡು ದಿನಕ್ಕೆ ತುಂಬುತ್ತದೆ. ಹತ್ತನೇ ತೊಟ್ಟಿ ತುಂಬುವ ಹೊತ್ತಿಗೆ ಮೊದಲನೆಯದು ಖಾಲಿ ಮಾಡಲು ಸಿದ್ಧ. ಹತ್ತು ತೊಟ್ಟಿಗೆ 600 ಚದರ ಅಡಿ, ಓಡಾಡೋಕೆ, ಜರಡಿ ಹಿಡಿಯೋಕೆ, ಒಣ ಕಸ ಇಡೋಕೆ ಒಂದು ಶೆಡ್ಡಿಗೆ ಇನ್ನೊಂದು 600. ಒಟ್ಟು ಒಂದೇ ಒಂದು 30×40ರ ಸೈಟು. ಮುನ್ನೂರು ಸೈಟಿನ ಲೇಔಟಿನಲ್ಲಿ ಒಂದು ಸೈಟು ಜಾಸ್ತಿ ಆಯಿತಾ?

ನಾತ ಬರುತ್ತೆ, ನಮ್ಮ ಮನೆ ಪಕ್ಕ ಬೇಡ ಅಂತ ಜನ ಜಗಳಕ್ಕೆ ಬರುತ್ತಾರೆ. ಅವರ ಭಯ ಸುಳ್ಳಲ್ಲ, ಕೆಟ್ಟದಾಗಿ ನಡೆಸಿದ ಘಟಕಗಳನ್ನು ಅವರು ನೋಡಿದ್ದಾರೆ. ಬೆಂಗಳೂರಿನ ಕಸ ಮಂಡೂರಿನ ಜನರ ಬದುಕು ಕೆಡಿಸಿದ್ದನ್ನು ಇಡೀ ರಾಜ್ಯ ನೋಡಿದೆ. ನಾತ ಬಾರದ ಗುಟ್ಟು ಒಣ ತರಗಿನಲ್ಲಿದೆ. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ತರಗಿನಲ್ಲಿ ಇಂಗಾಲ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಸಿಕ್ಕರೆ ರಾಶಿ ನಾರುವುದಿಲ್ಲ, ಬಿಸಿಯಾಗುತ್ತದೆ. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಳೆ ಬೀಜ, ರೋಗದ ಹುಳ ಸಾಯುತ್ತವೆ. ಆ ತರಗು ನಮ್ಮಲ್ಲಿ ಬೇಕಾದಷ್ಟಿದೆ. ಬೀದಿ ಬದಿಯ ಹೊಂಗೆ, ಬೇವಿನ ಎಲೆಗೆ ದಿನಾ ಬೆಳಿಗ್ಗೆ ಬೆಂಕಿ ಬೀಳುತ್ತಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಊರಿನಲ್ಲಿ ಶೇಂಗಾ ಹೊಟ್ಟು ಇದೆ. ಹೊಳಲ್ಕೆರೆ, ಭೀಮಸಮುದ್ರ, ಆಚೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆ ಸುಗ್ಗಿ ಬಂತೆಂದರೆ ಅಡಿಕೆ ಸಿಪ್ಪೆಯ ಗುಡ್ಡೆಗಳು ರಸ್ತೆ ಬದಿಯಲ್ಲಿ ಬಿದ್ದಿರುತ್ತವೆ. ಅದಕ್ಕೆ ಬೆಂಕಿ ಇಟ್ಟು ಬೈಕಿನಲ್ಲಿ ಹೋಗುವವರ ಕಣ್ಣು ಉರಿಸುತ್ತಿದ್ದೇವೆ. ಸಿಪ್ಪೆ ಗಟ್ಟಿ ನಾರು, ಕರಗೋಕೆ ಟೈಮ್ ಜಾಸ್ತಿ ಬೇಕು ನಿಜ. ಹಸಿ ಕಸದ ಜೊತೆ, ಸಗಣಿ ಬಗ್ಗಡದ ಜೊತೆ ಹಾಕಿದರೆ ಅದೂ ಕರಗುತ್ತದೆ.

ಜಾಗ ಬಿಡಿಸುವ ಮಾತು ನಾನು ಹೊಸದಾಗಿ ಹೇಳುತ್ತಿರುವುದೂ ಅಲ್ಲ. ಇನ್ನೂರು ಮನೆ ದಾಟಿದ ಗುಂಪು ವಸತಿಗೆ, 5,000 ಚದರ ಮೀಟರ್ ಮೀರಿದ ನಿವೇಶನದ ದೊಡ್ಡ ಕಟ್ಟಡಗಳಿಗೆ ಕಸ ವಿಂಗಡಿಸಿ ಅಲ್ಲೇ ಸಂಸ್ಕರಿಸಲು ನಕ್ಷೆಯಲ್ಲೇ ಜಾಗ ತೋರಿಸಬೇಕು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದವು. ದೊಡ್ಡ ನಗರದ ಅಪಾರ್ಟ್‌ಮೆಂಟಿಗೆ ಒಪ್ಪುವ ಮಾತು ನಮ್ಮೂರಿನ ಲೇಔಟಿಗೆ ಯಾಕೆ ಒಪ್ಪಬಾರದು? ಪಾರ್ಕಿಗೆ ಜಾಗ ಬಿಡದ ಲೇಔಟಿಗೆ ಒಪ್ಪಿಗೆ ಕೊಡುವುದಿಲ್ಲ ಅಲ್ವಾ? ಅದರ ಪಕ್ಕದಲ್ಲೇ ಇದಕ್ಕೂ ಒಂದು ಸೈಟು ಬಿಡಿಸಿ. ಆ ಗೊಬ್ಬರ ಪಾರ್ಕಿಗೇ ಹೋಗಲಿ.

ಕಲ್ಯಾಣಮಂಟಪ, ಹಾಸ್ಟೆಲು, ದಾಸೋಹ ನಡೆಯುವ ಕಡೆಗಳಿಗೆ ಗೊಬ್ಬರಕ್ಕಿಂತ ಗೋಬರ್ ಗ್ಯಾಸ್ ಮಾದರಿಯ ಘಟಕ ಒಳ್ಳೆಯದು, ಅಡುಗೆ ಅನಿಲವೂ ಸಿಗುತ್ತದೆ. ಪಕ್ಕದ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅದೇ ಅಸ್ತ್ರದವರು ಸಗಣಿ ಅನಿಲದಿಂದ 1987ರಲ್ಲೇ ಊರಿಗೆ ದೀಪ ಹತ್ತಿಸಿದ್ದರು.

ಶೌಚಾಲಯದ ಗುಂಡಿಯ ವಿಷಯ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ನಾನು ಆಡಲೇಬೇಕು. ಸರ್ಕಾರ ಹೇಳುವುದು ಎರಡು ಗುಂಡಿಯ ಶೌಚಾಲಯ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ವಾಸನೆ ಇಲ್ಲದ ಒಣ ಮಣ್ಣಿನಂತೆ ಆಗುತ್ತದೆ. ಯಾರೂ ಹೊಲಸಿಗೆ ಇಳಿಯಬೇಕಿಲ್ಲ. ಆದರೆ ನಮ್ಮ ಕಡೆ ನಡೆಯುವುದೇನು? 'ಆಳ ಇದ್ದಷ್ಟೂ ಒಳ್ಳೇದು' ಅಂತ ಸಿಮೆಂಟ್ ರಿಂಗು ಇಳಿಸಿ ಒಂದೇ ಗುಂಡಿ ತೋಡುತ್ತಾರೆ. ಎರಡು ತೋಡಿದರೂ ನಡುವೆ ಪೈಪು ಹಾಕಿ ಜೋಡಿಸಿಬಿಡುತ್ತಾರೆ, ಎರಡೂ ಒಟ್ಟಿಗೇ ತುಂಬುತ್ತವೆ. ಆಳದ ಗುಂಡಿ ಬೋರ್‌ವೆಲ್ ನೀರಿಗೂ ಕೇಡು. ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕಳೆದುಕೊಂಡ ಹಳ್ಳಿಗಳಿರುವ ಜಿಲ್ಲೆ ನಮ್ಮದು. ಆ ನೀರಿಗೆ ಇನ್ನೊಂದು ವಿಷ ಸೇರಿಸುವುದು ಬೇಡ. ಪೇಟೆಗಳಲ್ಲಿ ಗುಂಡಿ ಬಳಿದ ಗಾಡಿ ಎಲ್ಲಿ ಖಾಲಿಯಾಗುತ್ತೆ ಅನ್ನುವುದನ್ನೂ ನೋಡಿ. ದೇವನಹಳ್ಳಿಯಂಥ ಪುಟ್ಟ ಊರು 2015ರಲ್ಲೇ ಅದಕ್ಕೆಂದು ಸಂಸ್ಕರಣಾ ಘಟಕ ಮಾಡಿಕೊಂಡಿತು.

ನೀರಿನ ಬಗ್ಗೆ ದುರ್ಗದವರಿಗೆ ನಾನು ಪಾಠ ಹೇಳುವ ಅಗತ್ಯವಿಲ್ಲ. ಕೋಟೆ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ತುಂಬಿ, ಸಿಹಿನೀರು ಹೊಂಡಕ್ಕಿಳಿದು, ಕೊನೆಗೆ ಊರೊಳಗಿನ ಸಂತೆ ಹೊಂಡ ಸೇರುವ ಹಾಗೆ ನಾಯಕರ ಕಾಲದಲ್ಲೇ ಮಾಡಿಟ್ಟಿದ್ದಾರೆ. 75 ಚದರ ಮೀಟರ್ ಛಾವಣಿ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 750 ಲೀಟರ್ ನೀರು. ಅದನ್ನು ಚರಂಡಿಗೆ ಬಿಟ್ಟು ಟ್ಯಾಂಕರ್ ಕರೆಸುವುದನ್ನು ನಿಲ್ಲಿಸುವ ಅಧಿಕಾರವೂ ನಕ್ಷೆಗೆ ಸಹಿ ಹಾಕುವವರ ಕೈಯಲ್ಲಿದೆ. ಬಚ್ಚಲು ಗುಂಡಿ, ಎರೆಹುಳು ತೊಟ್ಟಿಗಳನ್ನು ಉದ್ಯೋಗ ಖಾತರಿಯಲ್ಲಿ ಹಳ್ಳಿಗಳಲ್ಲಿ ಮಾಡಿಸಿದ್ದೀರಿ, ಅದು ಒಳ್ಳೇ ಕೆಲಸ. ಆದರೆ ಮನೆ ಒಂದು ಫೈಲಿನಲ್ಲಿ, ಗುಂಡಿ ಇನ್ನೊಂದು ಫೈಲಿನಲ್ಲಿ ಬಂದಿದ್ದರಿಂದ ಎಷ್ಟೋ ಕಡೆ ಗುಂಡಿ ಒಂದು ಮೂಲೆಯಲ್ಲಿ, ಬಚ್ಚಲ ಪೈಪು ಇನ್ನೊಂದು ಮೂಲೆಯಲ್ಲಿ ಉಳಿದಿವೆ.

ಇನ್ನು ಒಡೆದ ಮನೆಯ ಸಿಮೆಂಟು, ಕಾಂಕ್ರೀಟಿನ ತುಂಡು. ಹಳೇ ಗೋಡೆ ಮಣ್ಣನ್ನು ರೈತ ಕೇಳಿ ತಗೊಂಡು ಹೋಗುತ್ತಿದ್ದ. ಇದನ್ನು ಯಾರೂ ಕೇಳುವುದಿಲ್ಲ, ರಾತ್ರಿ ಟ್ರ್ಯಾಕ್ಟರಿನಲ್ಲಿ ಕೆರೆ ಅಂಗಳಕ್ಕೆ ಹೋಗುತ್ತದೆ. ನಾಯಕನಹಟ್ಟಿಯ ಸುತ್ತ ಐದು ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ಲಕ್ಷಗಟ್ಟಲೆ ಜನ ಹೋಗುತ್ತೇವೆ. ಕೆರೆ ತುಂಬಿಸುವ ಬದಲು ಮುಚ್ಚುತ್ತಿರುವ ನಾವು ಅವರೆದುರು ಹೇಗೆ ಕೈಮುಗಿಯುವುದು? ಪ್ರತಿ ತಾಲ್ಲೂಕಿಗೆ ಒಂದು ಜಾಗ ಗೊತ್ತು ಮಾಡಿ. ಮುರಿದ ಕಾಂಕ್ರೀಟು ಅಲ್ಲಿಗೆ ಬರಲಿ, ಪುಡಿಯಾಗಿ ರಸ್ತೆಯ ತಳಪಾಯಕ್ಕೆ, ಪಾಯ ತುಂಬೋಕೆ ಹೋಗಲಿ. ಒಡೆಯಲು ಅನುಮತಿ ಕೊಡುವಾಗಲೇ ಅಲ್ಲಿಗೆ ಸಾಗಿಸಿದ ರಸೀದಿ ಕೇಳಿ.

ವಸತಿ ಯೋಜನೆಯ ಮನೆಗೆ ನೀವು ಹಂತಹಂತವಾಗಿ ಫೋಟೋ ತೆಗೆಸಿ ಹಣ ಬಿಡುತ್ತೀರಿ. ಪಾಯ ಆಯಿತು ಒಂದು ಫೋಟೋ, ಲಿಂಟಲ್ ಆಯಿತು ಇನ್ನೊಂದು, ಛಾವಣಿ, ಕೊನೆಗೆ ಪೂರ್ತಿ ಮನೆ. ಆ ಕೊನೆಯ ಕಂತಿಗೆ ಮುಂಚೆ ಮನೆಯ ಹಿಂಭಾಗದ್ದೂ ಒಂದು ಫೋಟೋ ತೆಗೆಸಿ. ಜೋಡಿಸದ ಎರಡು ಗುಂಡಿ, ಬಚ್ಚಲ ನೀರು ಸೇರುವ ಗುಂಡಿ, ಗೊಬ್ಬರಕ್ಕೆ ಮೂರಡಿ ಜಾಗ, ಒಂದು ಬಾಳೆ ಗಿಡ. ಅದಕ್ಕೆ ತಗಲುವ ಖರ್ಚನ್ನು ಅನುದಾನದಲ್ಲೇ ಸೇರಿಸಿ ಕೊಡಿ, ಬಡವರ ಮೇಲೆ ಹೊರಿಸಬೇಡಿ.

ಪೇಟೆಯಲ್ಲಿ ಯಾವುದಾದರೂ ಒಂದು ಹೊಸ ಲೇಔಟನ್ನು ಆರಿಸಿ. ಅಲ್ಲಿನ 30×40ರ ಸೈಟಿಗೆ ಹತ್ತು ತೊಟ್ಟಿಯ ನಕ್ಷೆ, ಶೆಡ್ಡಿನ ಅಳತೆ, ಖರ್ಚಿನ ಅಂದಾಜು ಎಲ್ಲವನ್ನೂ ನಾನು ಉಚಿತವಾಗಿ ಬರೆದುಕೊಡುತ್ತೇನೆ. ತೊಟ್ಟಿ ಕಟ್ಟುವ ಮೇಸ್ತ್ರಿಗಳಿಗೆ ಜೊತೆಯಲ್ಲಿ ನಿಂತು ಹೇಳಿಕೊಡುತ್ತೇನೆ. ಹತ್ತಿರದ ಮನೆಯವರು ನಾತದ ಭಯಕ್ಕೆ ಬೇಡ ಅಂದರೆ ಅವರ ಮುಂದೆ ಬಂದು ಮಾತಾಡೋಕೂ ಸಿದ್ಧ. ಯಾವ ಲೇಔಟು ಅಂತ ನೀವು ಹೇಳಿದರೆ ಆಯಿತು.

ಇಂತಿ ತಮ್ಮ ವಿಶ್ವಾಸಿ,
ಮನೆ ಪ್ಲ್ಯಾನ್ ಬರೆಯುವ ಒಬ್ಬ ನಿವಾಸಿ
ಚಿತ್ರದುರ್ಗ